ತಿಂಗಳಿಗೆ ನಾಲ್ಕು ದಿನ

ನಮ್ಮ ಮನೆಯಲ್ಲಿ ಮಾತು ನೇರವಾಗಿ ನಡೆಯುತ್ತಿರಲಿಲ್ಲ. ಅಜ್ಜಿ ಮಡಿಯಲ್ಲಿದ್ದಾಗ ಅಪ್ಪನಿಗೆ ಹೇಳಬೇಕಾದುದನ್ನು ಅಮ್ಮನಿಗೆ ಹೇಳುತ್ತಿದ್ದರು. ಅಮ್ಮ ಅದನ್ನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನನಗೆ ಹೇಳುತ್ತಿದ್ದಳು. ನಾನು ಚಾವಡಿಗೆ ಓಡಿ, ತಾಲೂಕು ಕಚೇರಿಯ ಕಡತಗಳ ನಡುವೆ ಮುಳುಗಿರುತ್ತಿದ್ದ ಅಪ್ಪನಿಗೆ ಮುಟ್ಟಿಸುತ್ತಿದ್ದೆ. ಬಂಟ್ವಾಳ ಪೇಟೆಯ ಹಿಂಬದಿಯಲ್ಲಿ, ನೇತ್ರಾವತಿಯ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಜಾಗದಲ್ಲಿ ಆ ಮನೆ ಇತ್ತು. ಮುಂದೆ ಚಾವಡಿ, ಅದರ ಬೆನ್ನಿಗೆ ದೇವರ ಕೋಣೆ, ಅಡುಗೆಮನೆ, ಕತ್ತಲೆಯ ಒಂದು ಒಳಕೋಣೆ. ಹಿತ್ತಿಲಿನ ಬಚ್ಚಲಿಗೆ ಒತ್ತಿಕೊಂಡು, ಅರ್ಧ ಗೋಡೆಯ ಇನ್ನೊಂದು ಕೋಣೆ. ಮುಟ್ಟಾದ ಹೆಂಗಸರು ಕೂರಬೇಕಾದ ಕೋಣೆ ಅದು. ಅದಕ್ಕೆ ನಾವು ಹೆಸರಿಟ್ಟಿರಲಿಲ್ಲ. ‘ಹೊರಗೆ’ ಎಂದರೆ ಸಾಕಿತ್ತು. ಹೊರಗೆ ಕೂತವರ ಬಾಯಾರಿಕೆಯೂ ಹೊಟ್ಟೆನೋವೂ ಒಳಕ್ಕೆ ತಲುಪುತ್ತಿದ್ದುದು ನನ್ನ ಕಾಲುಗಳ ಮೂಲಕ. ನಾನಾಗ ಚಿಕ್ಕವಳು, ಮುಟ್ಟಾಗದವಳು, ಎಲ್ಲ ಕೋಣೆಗಳಿಗೂ ಹೋಗಬಲ್ಲವಳು. ಆದ್ದರಿಂದ ಮನೆಯ ಸುದ್ದಿಯೆಲ್ಲ ನನ್ನ ಮೂಲಕವೇ ದಾಟುತ್ತಿತ್ತು. ಒಂದೆಡೆ ಕೂರಲಾರದ ಸ್ವಭಾವ ನನಗೆ ಅಂಟಿಕೊಂಡಿದ್ದು ಅಲ್ಲಿಂದಲೇ. ಇಂದಿಗೂ ಸಭೆಯಲ್ಲಿ ಎಲ್ಲರೂ ಕೂತಿರುವಾಗ ನಾನು ಗೋಡೆಗೊರಗಿ ನಿಂತಿರುತ್ತೇನೆ.

ವಾರಿಜತ್ತೆ ಅಪ್ಪನ ತಂಗಿ. ಅವಳನ್ನು ಬೆಳ್ತಂಗಡಿ ಕಡೆಯ ಒಂದು ಮನೆಗೆ ಕೊಟ್ಟಿದ್ದರು. ಅವಳಿಗೆ ಆಗಾಗ ಫಿಟ್ಸ್ ಬರುತ್ತದೆಂಬುದನ್ನು ಅಜ್ಜಿ ಗಂಡಿನ ಕಡೆಯವರಿಂದ ಮುಚ್ಚಿಟ್ಟಿದ್ದರು. ಅದು ಮೊದಲನೆಯ ತಪ್ಪು. ವರ್ಷ ತುಂಬುವ ಮೊದಲೇ ಆ ಮನೆಯವರು ಅವಳನ್ನು, ಅವಳ ಕಬ್ಬಿಣದ ಪೆಟ್ಟಿಗೆಯ ಸಮೇತ, ನಮ್ಮ ಜಗಲಿಯಲ್ಲಿ ಇಳಿಸಿ, ಕೊಟ್ಟ ಬೆಲ್ಲ ನೀರನ್ನೂ ಮುಟ್ಟದೆ ಹೊರಟುಹೋದರು. ಅದು ಎರಡನೆಯದು, ಮೊದಲನೆಯದಕ್ಕಿಂತ ದೊಡ್ಡದು. ಅವಳಿಗೆ ಫಿಟ್ಸ್ ಬಂದಾಗ ಯಾರಾದರೂ ಬೀಗದ ಕೈ ಗೊಂಚಲನ್ನು ಅವಳ ಮುಷ್ಟಿಗೆ ತುರುಕುತ್ತಿದ್ದರು. ಬಲಗಿವಿಯ ಹಿಂದೆ, ಕೂದಲು ಶುರುವಾಗುವಲ್ಲಿ, ಕಾಯಿಸಿದ ಕಬ್ಬಿಣದಿಂದ ಎಳೆದ ಒಂದು ಬರೆ ಇತ್ತು; ಫಿಟ್ಸ್ ಬಿಡಲೆಂದು ಅವಳಿಗೆ ಹತ್ತು ವರ್ಷವಾಗಿದ್ದಾಗ ಹಾಕಿಸಿದ್ದು. ಜಡೆ ಹೆಣೆಯುವಾಗ ನನ್ನ ಬೆರಳು ಅಲ್ಲಿಗೆ ತಾಗಿದರೆ ಅವಳು ನಗುತ್ತಲೇ ತಲೆ ತಪ್ಪಿಸುತ್ತಿದ್ದಳು. ಅವಳಂತೆ ಹಾಸ್ಯ ಮಾಡುವವರು ನಮ್ಮ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಫಿಟ್ಸ್ ಮುಗಿದು ಎಚ್ಚರಾದ ಮೇಲೆ, ಕಚ್ಚಿಹೋದ ನಾಲಿಗೆಯಲ್ಲಿ ತೊದಲುತ್ತ ಕೇಳುತ್ತಿದ್ದಳು:

“ಎಂತ, ಎಲ್ಲರೂ ಬಂದು ನೋಡಿ ಆಯ್ತಾ? ಕಾಫಿ ಮಾಡಿದವರು ಯಾರಾದ್ರೂ ಉಂಟಾ?”

ಮಂಗಳೂರಿನ ವೈದ್ಯರೊಬ್ಬರು ಅವಳಿಗೆ ಮಾತ್ರೆ ಬರೆದುಕೊಟ್ಟರು. ಅಪ್ಪ ಅದನ್ನು ತಂದ ದಿನ ಮನೆಯಲ್ಲಿ ದೊಡ್ಡ ಜಗಳವಾಯಿತು. ದೋಷದಿಂದ ಬಂದದ್ದನ್ನು ಮಾತ್ರೆಯಿಂದ ಅಡಗಿಸಿದರೆ ಅದು ಮನೆಯ ಬೇರೆಯವರ ಮೇಲೆ ತಿರುಗುತ್ತದೆಂದು ಅಜ್ಜಿ ಹಟ ಹಿಡಿದರು. ಕೊನೆಗೆ ರಾಜಿಯೊಂದು ಆಯಿತು: ಮಾತ್ರೆಯ ಸೀಸೆ ದೇವರ ಕೋಣೆಯಲ್ಲಿರಬೇಕು, ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಯೇ ಒಂದು ಮಾತ್ರೆಯನ್ನು ತುಳಸಿಯ ಎಲೆಯ ಮೇಲಿಟ್ಟು ದೇವರಿಗೆ ತೋರಿಸಿ, ತೀರ್ಥದ ಜೊತೆ ಅತ್ತೆಯ ಅಂಗೈಗೆ ಹಾಕಬೇಕು. ಅತ್ತೆ ಅದನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದಳು. ಹೊರಗೆ ಕೂತ ಮೂರು ದಿನ ಪ್ರಸಾದವಿಲ್ಲ. ನಾಲ್ಕನೆಯ ದಿನ ತಲೆಸ್ನಾನ ಮಾಡಿ ಒಳಗೆ ಬಂದರೂ ದೇವರ ಕೋಣೆಯ ಬಳಿ ಸುಳಿಯುವಂತಿರಲಿಲ್ಲ. ಐದನೆಯ ದಿನ ಮತ್ತೆ ತುಳಸಿ, ತೀರ್ಥ, ಮಾತ್ರೆ. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ನನಗೂ ಕಾಣಲಿಲ್ಲ. ವೈದ್ಯರಲ್ಲಿಗೆ ಹೋದಾಗ ಅಪ್ಪನಿಗೂ ಅವರಿಗೂ ಪ್ರತಿಸಲ ಒಂದೇ ಮಾತುಕತೆ.

“ಮಾತ್ರೆ ತಪ್ಪದೆ ಕೊಡ್ತೀರಲ್ಲ?”

“ದೇವರ ಮುಂದೆ ಇಟ್ಟೇ ಕೊಡುವುದು, ಡಾಕ್ಟ್ರೇ. ತಪ್ಪುವ ಪ್ರಶ್ನೆಯೇ ಇಲ್ಲ.”

ಅಪ್ಪ ಸುಳ್ಳು ಹೇಳುತ್ತಿರಲಿಲ್ಲ. ಅವನು ಪ್ರಾಮಾಣಿಕ ಗುಮಾಸ್ತ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವುದು ಅವನ ರೂಢಿ. ವೈದ್ಯರು ತಲೆಯಾಡಿಸಿ, ಮಾತ್ರೆಯ ಬಲವನ್ನು ಸ್ವಲ್ಪ ಏರಿಸುತ್ತಿದ್ದರು. ಅತ್ತೆ ಪಕ್ಕದ ಬೆಂಚಿನಲ್ಲಿ ಸೆರಗು ಸುತ್ತಿಕೊಂಡು ಕೂತಿರುತ್ತಿದ್ದಳು. ಫಿಟ್ಸ್ ಬಂದ ದಿನಗಳನ್ನು ಗುರುತಿಸಿಡಬೇಕೆಂದು ವೈದ್ಯರು ಹೇಳಿದ್ದರಿಂದ ಅಪ್ಪ ಚಾವಡಿಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯ ಗುಣಾಕಾರ ಚಿಹ್ನೆ ಹಾಕುತ್ತಿದ್ದ. ಮನೆಯ ಯಾವ ಹೆಂಗಸು ಯಾವಾಗ ಹೊರಗಾದಳೆಂಬುದನ್ನು ಅದೇ ಕ್ಯಾಲೆಂಡರಿನಲ್ಲಿ ಅಮ್ಮ ಪೆನ್ಸಿಲಿನ ಚುಕ್ಕಿಯಿಂದ ಗುರುತಿಸುತ್ತಿದ್ದಳು. ವ್ರತ, ತಿಥಿಗಳನ್ನು ನಿಗದಿ ಮಾಡಲು ಅದು ಬೇಕಿತ್ತು. ಚುಕ್ಕಿಯ ಬೆನ್ನಿಗೆ ಚಿಹ್ನೆ, ಚುಕ್ಕಿಯ ಬೆನ್ನಿಗೆ ಚಿಹ್ನೆ. ಹಾಲಿನ ಲೆಕ್ಕ, ಏಕಾದಶಿ, ಅಮಾವಾಸ್ಯೆಗಳಿಗಾಗಿ ನಾವೆಲ್ಲರೂ ದಿನಕ್ಕೆ ಹತ್ತು ಸಲ ನೋಡುತ್ತಿದ್ದ ಹಾಳೆ ಅದು. ಗಂಡಸಿನ ಗುರುತನ್ನೂ ಹೆಂಗಸಿನ ಗುರುತನ್ನೂ ಒಟ್ಟಿಗೆ ಓದುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಜ್ಜಿ ಮಾತ್ರ ಒಂದು ಸಂಬಂಧವನ್ನು ಕಂಡಿದ್ದರು: ಮೈಲಿಗೆಯ ದಿನಗಳಲ್ಲೇ ಬರುತ್ತದೆಂದರೆ, ಇವಳು ಎಲ್ಲೋ ಮೈಲಿಗೆಯಲ್ಲಿ ನಾಗನ ಜಾಗ ತುಳಿದಿದ್ದಾಳೆ.

ನಾನು ಪಿಯುಸಿಗೆ ಮೂಡುಬಿದಿರೆಯ ಕಾಲೇಜಿಗೆ ಸೇರಿದೆ. ಸಿದ್ಧಕಟ್ಟೆ ಮಾರ್ಗದ ಬಸ್ಸಿನಲ್ಲಿ, ಹಿಂದಿನ ಬಾಗಿಲ ಬಳಿ ನಿಂತು, ಪ್ರತಿದಿನ ಹೋಗಿ ಬರುವುದು. ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು ಉಸ್ಮಾನ್ ಸರ್. ಇಂಗ್ಲಿಷಿನಲ್ಲಿ ಪಾಠ ಓದಿ, ಪುಸ್ತಕ ಮುಚ್ಚಿ, “ಈಗ ಮನುಷ್ಯರ ಭಾಷೆಯಲ್ಲಿ ಹೇಳ್ತೇನೆ” ಎಂದು ಕನ್ನಡಕ್ಕೆ ಬರುವುದು ಅವರ ಕ್ರಮ. ಒಂದು ದಿನ ಚರ್ಮ ಸುಲಿದ ಕಪ್ಪೆಯ ಎರಡು ಕಾಲುಗಳು ತಟ್ಟೆಯಲ್ಲಿದ್ದವು. ಸರ್ ಅಂಗಿಯ ಕಿಸೆಯಿಂದ ಒಂದು ಕಾಗದದ ಪೊಟ್ಟಣ ತೆಗೆದು, ಊಟದ ಉಪ್ಪನ್ನು ಚಿಟಿಕೆಯಷ್ಟು ಉದುರಿಸಿದರು. ದೇಹವೇ ಇಲ್ಲದ ಕಾಲುಗಳು ಒದೆಯತೊಡಗಿದವು. ಹುಡುಗಿಯರು ಕಿರುಚಿ ಹಿಂದೆ ಸರಿದರು. ನಾನು ಸರಿಯಲಿಲ್ಲ. ಆ ಒದೆತ ನನಗೆ ಗೊತ್ತಿತ್ತು. ಅಡುಗೆಮನೆಯ ನೆಲದ ಮೇಲೆ, ಅತ್ತೆಯ ಸೀರೆಯ ಅಂಚಿನ ಕೆಳಗೆ, ನಾನು ಅದನ್ನು ಎಷ್ಟೋ ಸಲ ನೋಡಿದ್ದೆ.

“ದೆವ್ವ ಅಲ್ಲ ಮಾರಾಯ್ತಿಯರೇ, ಉಪ್ಪು,” ಎಂದರು ಸರ್. “ಉಪ್ಪಿನಲ್ಲಿ ಸೋಡಿಯಂ ಉಂಟು. ಕೋಶ ಸತ್ತಿಲ್ಲ ಇನ್ನೂ. ಹೊರಗಿನದು ಒಳಗೆ ನುಗ್ಗಿತು, ಅಷ್ಟೇ.”

ಅವರು ಕರಿಹಲಗೆಯ ಮೇಲೆ ಒಂದು ನರಕೋಶವನ್ನು ಬರೆದರು. ಸುಮ್ಮನಿರುವಂತೆ ಕಾಣುವ ನರಕೋಶ ನಿಜಕ್ಕೂ ಸುಮ್ಮನಿರುವುದಿಲ್ಲ. ತನ್ನ ಪೊರೆಯಾಚೆಗೆ ಸೋಡಿಯಂ ಕಣಗಳನ್ನು ಹೊರಹಾಕುತ್ತ, ಪೊಟ್ಯಾಸಿಯಂ ಕಣಗಳನ್ನು ಒಳಗೆಳೆದುಕೊಳ್ಳುತ್ತ, ತನ್ನ ಒಳಗನ್ನು ಹೊರಗಿಗಿಂತ ವಿದ್ಯುತ್ತಿನ ಲೆಕ್ಕದಲ್ಲಿ ತುಸು ಋಣವಾಗಿ ಇಟ್ಟುಕೊಳ್ಳುವುದಕ್ಕೆ ಬಿಡುವಿಲ್ಲದೆ ದುಡಿಯುತ್ತಿರುತ್ತದೆ. ಅಕ್ಕಪಕ್ಕದಿಂದ ಸಣ್ಣ ಸಣ್ಣ ಪ್ರಚೋದನೆಗಳು ಬಂದು ಅದನ್ನು ತಟ್ಟುತ್ತವೆ. ಒಂದು ಮಿತಿಯವರೆಗೆ ಅದು ತಡೆದುಕೊಳ್ಳುತ್ತದೆ. ಮಿತಿ ದಾಟಿತೋ, ಪೊರೆಯ ಬಾಗಿಲುಗಳು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ. ಆ ವಿದ್ಯುತ್ತಿನ ಅಲೆ ಕೋಶದ ಬಾಲದುದ್ದಕ್ಕೂ ಓಡುತ್ತದೆ. ಅಲೆ ಏಳುವುದಾದರೆ ಪೂರ್ತಿ ಏಳುತ್ತದೆ, ಇಲ್ಲವಾದರೆ ಏಳುವುದೇ ಇಲ್ಲ. ಅರ್ಧ ಅಲೆ ಎಂಬುದಿಲ್ಲ. ಹಿಂದಿನ ಬೆಂಚಿನವಳೊಬ್ಬಳು ಕೇಳಿದಳು:

“ಹಾಗಾದ್ರೆ ಅದು ಒಂದು ಕೋಶದಿಂದ ಇನ್ನೊಂದಕ್ಕೆ ವಯರಿನ ಹಾಗೆ ಹೋಗ್ತದಾ ಸರ್?”

“ವಯರು ಕೂಡಿಕೊಂಡಿರ್ತದೆ, ಇದು ಕೂಡಿಕೊಂಡಿಲ್ಲ. ನಡುವೆ ಸಣ್ಣ ಕಂಡಿ ಉಂಟು. ನೀವು ಬಂಟ್ವಾಳದವರು ಕಡವು ನೋಡಿದ್ದೀರಲ್ಲ? ಬಸ್ಸು ಹೊಳೆಯ ದಡದವರೆಗೆ ಬರ್ತದೆ. ಬಸ್ಸು ಹಾರ್ತದಾ? ಇಲ್ಲ. ಜನ ಇಳಿದು ದೋಣಿ ಹತ್ತಬೇಕು. ಆಚೆ ದಡದಲ್ಲಿ ಬೇರೆ ಬಸ್ಸು. ಹಾಗೆ ಕೋಶದ ತುದಿಯಿಂದ ರಾಸಾಯನಿಕ ಇಳಿದು, ದಾಟಿ, ಆಚೆಯ ಕೋಶವನ್ನು ತಟ್ತದೆ. ಆದ್ರೆ ಒಂದು ವಿಷಯ. ದಾಟಿ ಬಂದವರೆಲ್ಲ ‘ಹೊರಡು’ ಅಂತ ಹೇಳುವವರಲ್ಲ. ಕೆಲವರು ‘ನಿಲ್ಲು’ ಅಂತ ಹೇಳ್ತಾರೆ. ಆ ‘ನಿಲ್ಲು’ ಹೇಳುವವರು ಕಮ್ಮಿಯಾದ್ರೆ, ಮಿದುಳಿನ ಬಸ್ಸುಗಳೆಲ್ಲ ಒಟ್ಟಿಗೆ ಹೊರಡ್ತವೆ. ಅದೇ ಫಿಟ್ಸ್.”

ತರಗತಿ ಖಾಲಿಯಾದ ಮೇಲೂ ನಾನು ಕಪ್ಪೆಯ ತಟ್ಟೆಯ ಬಳಿ ನಿಂತಿದ್ದೆ. ಅತ್ತೆಯ ಮಾತ್ರೆಯ ಹೆಸರು ಹೇಳಿದೆ. ಆ ಮಾತ್ರೆ ‘ನಿಲ್ಲು’ ಎನ್ನುವವರ ಕೈಯನ್ನು ಬಲಪಡಿಸುತ್ತದೆಂದೂ, ಅದನ್ನು ಒಮ್ಮೆಲೇ ಬಿಟ್ಟರೆ ಮೊದಲಿಗಿಂತ ಜೋರಾಗಿ ಬರಬಹುದೆಂದೂ ಸರ್ ವಿವರಿಸಿದರು. ಎಷ್ಟು ಬಲದ ಮಾತ್ರೆಯೋ ಬಿಟ್ಟಾಗ ಅಷ್ಟು ಅಪಾಯವೆಂದರು.

“ಅವರು ದಿನಾ ತಗೊಳ್ತಾರಲ್ಲ?”

“ದಿನಾ, ಸರ್…” ಎಂದವಳು ಅಲ್ಲೇ ನಿಂತೆ. ‘ಮುಟ್ಟು’ ಎಂಬ ಪದವನ್ನು ಗಂಡಸಿನ ಮುಂದೆ ಹೇಳಲು ನಮಗೆ ಯಾರೂ ಕಲಿಸಿರಲಿಲ್ಲ. ಹೇಳಬಾರದೆಂದು ಎಲ್ಲರೂ ಕಲಿಸಿದ್ದರು. ಒಂದು ಜೀವದ ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವೆ ಆ ನಾಚಿಕೆ ಬಂದು ನಿಂತಿತು. ಅದನ್ನೂ ನಾನು ತಪ್ಪುಗಳ ಪಟ್ಟಿಯಲ್ಲೇ ಸೇರಿಸುತ್ತೇನೆ. “ತಿಂಗಳಿಗೆ ನಾಲ್ಕು ದಿನ ಇಲ್ಲ, ಸರ್. ಮಾತ್ರೆ ದೇವರ ಕೋಣೆಯಲ್ಲಿ ಇರ್ತದೆ.”

ಸರ್ ನನ್ನ ಮುಖ ನೋಡಲಿಲ್ಲ. ಕಪ್ಪೆಯ ಮೇಲಿನ ಉಪ್ಪನ್ನು ಬಟ್ಟೆಯಿಂದ ನಿಧಾನವಾಗಿ ಒರೆಸಿದರು.

“ಅದನ್ನು ಡಾಕ್ಟ್ರಿಗೆ ಯಾರಾದ್ರೂ ಹೇಳಿದ್ದೀರಾ? ಮೊದಲು ನಿಮ್ಮ ಅತ್ತೆಯಲ್ಲಿ ಮಾತಾಡಿ. ಆಮೇಲೆ ಡಾಕ್ಟ್ರಿಗೆ ಹೇಳಿಸಿ. ಗಡಿಬಿಡಿ ಮಾಡ್ಬೇಡಿ.”

ಮುಟ್ಟಿನ ದಿನಗಳಲ್ಲಿ ದೇಹದೊಳಗಿನ ಏರಿಳಿತದಿಂದಲೂ ಕೆಲವರಿಗೆ ಫಿಟ್ಸ್ ಹೆಚ್ಚುತ್ತದೆಂದು ಬಹಳ ಕಾಲದ ಮೇಲೆ ನಾನು ಓದಿದೆ. ಹಾಗಿದ್ದರೆ ಆ ನಾಲ್ಕು ದಿನವೇ ಅವಳಿಗೆ ಮಾತ್ರೆ ಹೆಚ್ಚು ಅಗತ್ಯವಿತ್ತು. ನಾವು ಆ ದಿನಗಳನ್ನೇ ಆರಿಸಿ ಅದನ್ನು ಕಿತ್ತುಕೊಂಡಿದ್ದೆವು.

ಸರ್ ಹೇಳಿದ ಮೊದಲನೆಯ ಮಾತನ್ನು ನಾನು ಪಾಲಿಸಲಿಲ್ಲ. ಬಸ್ಸಿನಲ್ಲಿ ನನ್ನ ತಲೆಯೊಳಗೆ ಆಗಲೇ ಭಾಷಣ ಸಿದ್ಧವಾಗಿತ್ತು. ಮನೆಗೆ ಬಂದಾಗ ಅತ್ತೆ ಹೊರಗೆ ಕೂತು ಎರಡನೆಯ ದಿನ. ಮುಂದಿನ ಮಂಗಳವಾರ ಅವಳನ್ನು ಬೆಳ್ತಂಗಡಿಯ ಕಡೆ, ಬರೆ ಹಾಕುವವನ ಬಳಿಗೆ ಮತ್ತೊಮ್ಮೆ ಕರೆದುಕೊಂಡು ಹೋಗುವುದೆಂದು ಅಜ್ಜಿ ನಿಶ್ಚಯಿಸಿದ್ದಾರೆಂದು ಅಮ್ಮ ಪಿಸುಗುಟ್ಟಿದಳು. ಕಪ್ಪೆ ಮುಟ್ಟಿ ಬಂದವಳು ನಾನು, ಸ್ನಾನವನ್ನೂ ಮಾಡಿರಲಿಲ್ಲ. ನೇರವಾಗಿ ದೇವರ ಕೋಣೆಗೆ ನುಗ್ಗಿ, ಸೀಸೆ ಎತ್ತಿಕೊಂಡು, ಹಿತ್ತಿಲು ದಾಟಿ, ಅರ್ಧ ಗೋಡೆಯಾಚೆ ಅತ್ತೆಯ ಕೈಗೆ ಒಂದು ಮಾತ್ರೆ ಹಾಕಿದೆ. ಅವಳು ಬೆಪ್ಪಾಗಿ ನೋಡಿ, ನುಂಗಿದಳು. ಹಿಂದೆಯೇ ಬಂದ ಅಜ್ಜಿಯ ಕಡೆಗೆ ತಿರುಗಿ ನಾನು ಕೂಗಿದೆ:

“ರೋಗ ಅತ್ತೆಯ ತಲೆಯಲ್ಲಿ ಇಲ್ಲ ಅಜ್ಜೀ, ನಿಮ್ಮ ಮಡಿಯಲ್ಲಿ ಉಂಟು! ತಿಂಗಳು ತಿಂಗಳು ನೀವೇ ಅವಳನ್ನು ನೆಲಕ್ಕೆ ಬೀಳಿಸ್ತಿದ್ದೀರಿ!”

ಆ ಮಾತಿನ ಬಗ್ಗೆ ನಾನು ಬಹಳ ವರ್ಷ ಹೆಮ್ಮೆಪಟ್ಟಿದ್ದೇನೆ. ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಮಗಳಿಗಾಗಿ ವರ್ಷಗಟ್ಟಲೆ ಸೋಮವಾರದ ಉಪವಾಸ ಹಿಡಿದಿದ್ದ ಮುದುಕಿಗೆ ಅದನ್ನು ಹೇಳಿದ ರೀತಿಯಲ್ಲಿ, ಅವರು ಕೇಳಿಸಿಕೊಳ್ಳಲಿ ಎಂಬ ಆಸೆಯೇ ಇರಲಿಲ್ಲ. ಅಜ್ಜಿ ಕೋಲೊಂದನ್ನು ತೆಗೆದುಕೊಂಡು, ಗೋಡೆಯ ಮೇಲೆ ನಾನಿಟ್ಟಿದ್ದ ಸೀಸೆಯನ್ನು ಮೆಲ್ಲಗೆ ಆಚೆ ತಳ್ಳಿದರು. ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಅದು ಒಡೆಯಿತು. ಬಿಳಿ ಮಾತ್ರೆಗಳು ಬಚ್ಚಲಿನ ನೀರಿನಲ್ಲಿ ಬಾಳೆಯ ಬುಡದವರೆಗೆ ತೇಲಿ, ಕರಗಿ, ಸುಣ್ಣದ ನೀರಿನಂತಾದವು.

“ಮೈಲಿಗೆಯಾದ್ದು ಇನ್ನು ದೇವರ ಕೋಣೆಗೆ ಬರುವುದಿಲ್ಲ,” ಎಂದರು. “ಮಂಗಳವಾರ ನೋಡುವ.”

ಅಜ್ಜಿ ಒಳಗೆ ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದಳು. ಹೊಗಳುತ್ತಾಳೆಂದುಕೊಂಡೆ.

“ಗಿರಿಜಾ, ನನ್ನಲ್ಲಿ ಒಂದು ಮಾತು ಕೇಳ್ಬಾರ್ದಿತ್ತಾ ನೀನು?”

“ಅತ್ತೆ, ನಿನಗೆ ಗೊತ್ತಿಲ್ಲ, ಆ ನಾಲ್ಕು ದಿನ ಮಾತ್ರೆ ಇಲ್ಲದೆ…”

“ಗೊತ್ತುಂಟು. ಎರಡು ವರ್ಷದಿಂದ ಗೊತ್ತುಂಟು. ಬೀಳುವವಳು ನಾನು ಮಾರಾಯ್ತಿ, ನನಗೆ ಗೊತ್ತಾಗುವುದಿಲ್ವಾ? ಬಾಯಿ ಬಿಟ್ರೆ ನಿನ್ನ ಅಜ್ಜಿ ಮಾತ್ರೆಯನ್ನೇ ನಿಲ್ಲಿಸ್ತಾರೆ ಅಂತ ಸುಮ್ಮನಿದ್ದೆ. ಇಪ್ಪತ್ತಾರು ದಿನ ಆದ್ರೂ ಸಿಗ್ತಿತ್ತು. ಈಗ?”

ಅವಳೇ ನನ್ನ ಕಣ್ಣೊರೆಸಲು ಕೈ ಚಾಚಿ, ಮುಟ್ಟಬಾರದೆಂದು ನೆನಪಾಗಿ, ಹಿಂದಕ್ಕೆ ಎಳೆದುಕೊಂಡಳು.

ಮುಂದಿನ ಮೂರು ದಿನ ನಾನು ಮನೆಯೊಳಗೆ ಕಾಲು ಸುಟ್ಟ ಬೆಕ್ಕಿನಂತೆ ತಿರುಗಿದೆ. ಮಾತ್ರೆಯ ಚೀಟಿ ಅಪ್ಪನ ಕಚೇರಿಯ ಚೀಲದಲ್ಲಿತ್ತು. ಕೇಳಿದೆ.

“ಅಜ್ಜಿ ಸ್ವಲ್ಪ ತಣ್ಣಗಾಗಲಿ. ಆಮೇಲೆ ತರುವ,” ಎಂದ. ಮರುದಿನ ಕೇಳಿದಾಗಲೂ ಅದನ್ನೇ ಹೇಳಿದ. ಅಪ್ಪ ಯಾರಿಗೂ ಕೆಟ್ಟದ್ದು ಮಾಡಿದವನಲ್ಲ. ಎದುರಿಗೆ ಕೆಟ್ಟದ್ದು ನಡೆಯುವಾಗ ಎದ್ದು ನಿಂತವನೂ ಅಲ್ಲ. ನಾನು ಕಾಲೇಜು ತಪ್ಪಿಸಿ ಬಿ.ಸಿ.ರೋಡಿಗೆ ಹೋಗಿ, ಒಡೆದ ಸೀಸೆಯ ಚೂರಿಗೆ ಅಂಟಿದ್ದ ಹೆಸರಿನ ಕಾಗದವನ್ನು ಔಷಧದ ಅಂಗಡಿಯಲ್ಲಿ ತೋರಿಸಿದೆ. ಬಸ್ಸುಗಳ ಹಾರ್ನಿನ ನಡುವೆ ಅಂಗಡಿಯವರು ಅದನ್ನು ಬೆಳಕಿಗೆ ಹಿಡಿದು ಓದಿದರು.

“ಇದು ಚೀಟಿ ಇಲ್ಲದೆ ಕೊಡುವ ಹಾಗೆ ಇಲ್ಲಮ್ಮಾ. ಮನೆಯಲ್ಲಿ ದೊಡ್ಡವರು ಯಾರೂ ಇಲ್ವಾ?”

ದೇವರ ಕೋಣೆಗೆ ನುಗ್ಗಿದವಳಿಗೆ ಅಪ್ಪನ ಚೀಲಕ್ಕೆ ಕೈ ಹಾಕುವ ಧೈರ್ಯ ಬರಲಿಲ್ಲ. ದೇವರಿಗಿಂತ ಅಪ್ಪನ ಮರ್ಯಾದೆಯೇ ನನಗೆ ದೊಡ್ಡದಾಗಿತ್ತೆಂದು ಆಗ ತಿಳಿಯಿತು. ನನ್ನ ಪ್ರಗತಿಪರತೆಯ ಅಳತೆ ಆ ದಿನ ಅಷ್ಟೇ ಇತ್ತು.

ಮುಟ್ಟಾದ ಐದನೆಯ ದಿನ ಮಧ್ಯಾಹ್ನ, ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದ ಅತ್ತೆಯ ಕೈ ಮೊದಲು ನಡುಗಿತು. ಮೆಟ್ಟುಕತ್ತಿಯಿಂದ ಅವಳನ್ನು ಆಚೆಗೆಳೆಯುವಷ್ಟು ಮಾತ್ರ ಸಮಯ ಸಿಕ್ಕಿತು. ಅಷ್ಟರಲ್ಲಿ ಅವಳು ಬಿದ್ದಿದ್ದಳು. ಯಾವಾಗಲೂ ಕೆಲವು ನಿಮಿಷಗಳಲ್ಲಿ ನಿಲ್ಲುತ್ತಿದ್ದದ್ದು ಆ ದಿನ ನಿಲ್ಲಲಿಲ್ಲ. ಒಂದು ಮುಗಿದು, ಉಸಿರು ತಿರುಗುವ ಮೊದಲೇ ಇನ್ನೊಂದು. ಅಜ್ಜಿ ಬೀಗದ ಕೈ ಗೊಂಚಲನ್ನು ಅವಳ ಮುಷ್ಟಿಗೆ ಇಟ್ಟರು. ಅದು ಸಿಡಿದು ಗೋಡೆಗೆ ಬಡಿಯಿತು. ಮತ್ತೆ ಹೆಕ್ಕಿ ಇಟ್ಟರು. ಅತ್ತೆಯ ತುಟಿ ನೀಲಿಯಾಗುತ್ತ ಬಂತು. ನನಗೆ ಆ ತಲೆಯೊಳಗೆ ನಡೆಯುತ್ತಿದ್ದುದು ಪಾಠದಂತೆ ಕಾಣುತ್ತಿತ್ತು: ತೆರೆದ ಬಾಗಿಲುಗಳು, ನುಗ್ಗುವ ಕಣಗಳು, ದಡದಿಂದ ದಡಕ್ಕೆ ದಾಟುವ ‘ಹೊರಡು, ಹೊರಡು’, ‘ನಿಲ್ಲು’ ಎನ್ನಲು ಯಾರೂ ಇಲ್ಲ. ಎಲ್ಲವೂ ಗೊತ್ತಿದ್ದೂ ನಾನು ಅವಳನ್ನು ಒಂದು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡೆ, ಅಷ್ಟೇ.

ಎದ್ದವಳು ಅಮ್ಮ. ಆ ಮನೆಗೆ ಬಂದ ಮೇಲೆ ಅಜ್ಜಿಯ ಅಪ್ಪಣೆಯಿಲ್ಲದೆ ಅಂಗಳ ದಾಟದವಳು, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ, ಬರಿಗಾಲಿನಲ್ಲಿ ಪೇಟೆಯ ರಸ್ತೆಗೆ ಓಡಿ, ಎದುರಿಗೆ ಬಂದ ಅಂಬಾಸಿಡರ್ ಕಾರಿಗೆ ಅಡ್ಡ ನಿಂತಳು. ಹಿಂತಿರುಗಿ ಬಂದು ಅಜ್ಜಿಯ ಕಣ್ಣನ್ನೇ ನೋಡಿ, ನಡುವೆ ಯಾರನ್ನೂ ಇಟ್ಟುಕೊಳ್ಳದೆ ಹೇಳಿದಳು:

“ಅತ್ತೇ, ಸ್ವಲ್ಪ ಸರಿಯಿರಿ. ಕಾಲು ಹಿಡೀಬೇಕು.”

ಅಜ್ಜಿ ಸರಿಯಲಿಲ್ಲ. ಮಗಳ ಒಂದು ಕಾಲನ್ನು ತಾವೇ ಹಿಡಿದರು.

ಮಂಗಳೂರಿನ ಆಸ್ಪತ್ರೆಯಲ್ಲಿ ಸೂಜಿಮದ್ದು ಕೊಟ್ಟು ಅದನ್ನು ನಿಲ್ಲಿಸಿದರು. ಅತ್ತೆಗೆ ನೆಟ್ಟಗೆ ಎಚ್ಚರವಾದದ್ದು ಮಾರನೆಯ ದಿನ ಬೆಳಗ್ಗೆ. ಎಡಗೈ ಸೋತಿತ್ತು, ಅದರ ಬಲ ಪೂರ್ತಿಯಾಗಿ ಎಂದೂ ಮರಳಲಿಲ್ಲ. ಅದಕ್ಕೆ ಕಾರಣರಾದವರನ್ನು ನಾನು ಮುಂದೆ ಎಷ್ಟೋ ವೇದಿಕೆಗಳಲ್ಲಿ ಹೆಸರಿಸಿದ್ದೇನೆ: ಆಚಾರ, ಅಜ್ಞಾನ, ಗಂಡಸರ ಮೌನ. ನನ್ನನ್ನು ಆ ಸಾಲಿಗೆ ಸೇರಿಸುತ್ತಿರುವುದು ಇದೇ ಮೊದಲು. ಬೆಳಗ್ಗೆ ರೋಗಿಗಳನ್ನು ನೋಡಲು ಬಂದ ವೈದ್ಯರು, ಮಾತ್ರೆ ಬರೆದುಕೊಡುತ್ತಿದ್ದವರೇ, ಮಂಚದ ಕಾಲ ಬಳಿ ನಿಂತು ಅಪ್ಪನ ಕಡೆ ತಿರುಗಿದರು.

“ಇಷ್ಟು ಬಲದ ಮಾತ್ರೆ ಕೊಟ್ಟೂ ಹೀಗೆ ಆಗ್ಬಾರ್ದಿತ್ತು. ಮನೆಯಲ್ಲಿ ಏನಾಯ್ತು?”

ಅಪ್ಪ ಕೆಮ್ಮಿದ. ನಾನು ಒಂದು ಹೆಜ್ಜೆ ಮುಂದಿಟ್ಟು ಬಾಯಿ ತೆರೆದೆ. ನರಕೋಶದಿಂದ ಹಿಡಿದು ಬಚ್ಚಲಿನ ನೀರಿನವರೆಗೆ ನನ್ನಲ್ಲಿ ಎಲ್ಲವೂ ಸಿದ್ಧವಿತ್ತು.

“ಅಣ್ಣ, ನೀನು ಸುಮ್ಮನಿರು,” ಎಂದಳು ಅತ್ತೆ. ನಾಲಿಗೆ ಊದಿಕೊಂಡಿದ್ದರಿಂದ ಒಂದೊಂದು ಪದಕ್ಕೂ ಅವಳು ಹೆಣಗುತ್ತಿದ್ದಳು. ನನ್ನ ಕಡೆ ನೋಡಿದಳು. “ನೀನೂ.”

ಆಮೇಲೆ ಬಲಗೈಯನ್ನು ಮಂಚಕ್ಕೆ ಊರಿ ತುಸು ಮೇಲೆದ್ದು ಕೂತಳು.

“ಡಾಕ್ಟ್ರೇ, ಇಷ್ಟು ವರ್ಷ ನೀವು ಅಣ್ಣನ ಮುಖ ನೋಡಿಯೇ ಮಾತಾಡಿದ್ದು. ರೋಗ ಇರುವುದು ನನಗೆ. ಈಚೆ ಬನ್ನಿ, ಹೇಳ್ತೇನೆ.”

ಪಕ್ಕದ ಮಂಚದ ಹೆಂಗಸು ಮಗುವಿಗೆ ಗಂಜಿ ಕುಡಿಸುವುದನ್ನು ನಿಲ್ಲಿಸಿ ತಿರುಗಿ ನೋಡಿದಳು. ವೈದ್ಯರು ಸ್ಟೂಲನ್ನು ಕಾಲಿನಿಂದಲೇ ಎಳೆದುಕೊಂಡು ಅವಳ ತಲೆಯ ಬಳಿಗೆ ಬಂದು, ಪೆನ್ನಿನ ಮುಚ್ಚಳ ತೆಗೆದು ಕೂತರು. ಅತ್ತೆ ಮುಟ್ಟಿನ ಮೊದಲನೆಯ ದಿನದಿಂದ ಶುರು ಮಾಡಿದಳು.